ಹಗಲಿನ ಮೇಜರ್, ಸಂಜೆಯ ಮೇಜರ್

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಸೈನ್ಯದ ಭರ್ತಿಗೆ ಹೋಗಿ, ಎದೆಯ ಅಳತೆಯಲ್ಲಿ ಒಂದು ಅಂಗುಲ ಕಮ್ಮಿಯೆಂದು ವಾಪಸು ಬಂದವನು. ಆ ಅಂಗುಲ ಆಮೇಲೆ ಬಂತು. ಅದರ ಜೊತೆಗೆ ಇನ್ನೂ ಹತ್ತು ಬಂದವು, ಆದರೆ ಬಂದದ್ದೆಲ್ಲ ಹೊಟ್ಟೆಗೆ. ಈಗ ನನಗೆ ನಲವತ್ಮೂರು. ಹೊಸೂರಿನ ಒಂದು ಗೇರ್ ಕಾರ್ಖಾನೆಯಲ್ಲಿ ಮಷೀನ್ ಆಪರೇಟರ್. ಗುಮ್ಮಳಾಪುರದಿಂದ ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಆರಕ್ಕೆ ಮನೆ.

ಹದಿನೈದು ವರ್ಷದ ಸರ್ವೀಸಿಗೆಂದು ಕಂಪನಿಯವರು ಒಂದು ಟ್ಯಾಬ್ ಕೊಟ್ಟರು. ಅದರಲ್ಲಿ ನಾನು ರಣಕೋಟೆ ಎಂಬ ಯುದ್ಧದ ಆಟ ಹಾಕಿಕೊಂಡೆ. ಐದೈದು ಜನರ ತಂಡ, ಬೆಟ್ಟ ಹಿಡಿಯಬೇಕು, ಸೇತುವೆ ಕಾಯಬೇಕು, ಡ್ರೋನ್ ಹಾರಿಸಬೇಕು. ಖಾತೆಗೆ ಮೇಜರ್ ಲಕ್ಷ್ಮೀಪತಿ ಎಂದು ಹೆಸರಿಟ್ಟೆ. ಸೈನ್ಯ ಕೊಡದ ಪದವಿಯನ್ನು ನಾನೇ ಕೊಟ್ಟುಕೊಂಡರೆ ಯಾರಿಗೇನು ನಷ್ಟ?

ದಿನಾ ಸಂಜೆ ಕಾಫಿ ಕುಡಿದು ಕೂತರೆ ಊಟದ ಹೊತ್ತಿನತನಕ ಆಡುತ್ತಿದ್ದೆ. ಬಹುಪಾಲು ಸೋಲುತ್ತಿದ್ದೆ. ವಿಚಿತ್ರವೆಂದರೆ, ಮಾರನೆಯ ಸಂಜೆ ಟ್ಯಾಬ್ ತೆರೆದಾಗ ನನ್ನ ದರ್ಜೆ ಮೇಲಕ್ಕೇರಿರುತ್ತಿತ್ತು. ಒಮ್ಮೆ ಹೆಂಡತಿ ಚಂದ್ರಲೇಖಾಳನ್ನು ಕೇಳಿದೆ.

"ಹಾಲು ಹೆಪ್ಪಾಗಕ್ಕೆ ಒಂದು ರಾತ್ರಿ ಬೇಕಲ್ವಾ? ಇದೂ ಹಂಗೇ ಏನೋ," ಎಂದಳು ಅವಳು, ತಲೆ ಎತ್ತದೆ.

ಆ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಯಿತು. ಹೊಗಳಿಕೆಯ ವಿಷಯದಲ್ಲಿ ನಾನು ಹೆಚ್ಚು ಸಾಕ್ಷಿ ಕೇಳುವವನಲ್ಲ.

ಕಳೆದ ವರ್ಷ ಆಟದ ಚಾಟಿನಲ್ಲಿ ಕೆಲವು ಮಾತುಗಳು ಮಾಯವಾಗತೊಡಗಿದವು. 'ಗಡಿ' ಎಂದು ಬರೆದರೆ ಎರಡು ಚುಕ್ಕಿ. 'ಗುಂಡು' ಎಂದರೂ ಚುಕ್ಕಿ. ನಮ್ಮದೋ ತಮಿಳುನಾಡಿನ ಗಡಿಯ ಊರು. ಒಳ್ಳೆ ಕಾಫಿಪುಡಿ ಬೇಕಾದರೂ ಗಡಿ ದಾಟಿ ಕರ್ನಾಟಕಕ್ಕೆ ಹೋಗಬೇಕು. ಸರ್ಕಾರದ ಹೊಸ ನಿಯಮವಂತೆ, ಆಟಗಳಲ್ಲಿ ಜನ ಏನು ಮಾತಾಡುತ್ತಾರೆಂದು ಮೇಲಿನವರು ನೋಡುತ್ತಾರಂತೆ ಎಂದು ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಮುನಿರತ್ನ ಹೇಳಿದ. ನಮ್ಮಂಥವರ ಮಾತು ಕೇಳುವಷ್ಟು ಪುರುಸೊತ್ತು ಯಾರಿಗಿದೆಯೆಂದು ನಾನು ನಕ್ಕುಬಿಟ್ಟೆ.

ಅದಾದ ತಿಂಗಳಿಗೆ ನನ್ನ ಖಾತೆಗೆ ಒಂದು ಸಂದೇಶ ಬಂತು. "ಮೇಜರ್ ಲಕ್ಷ್ಮೀಪತಿ ಅವರೇ, ನಿಮ್ಮ ಆಟವನ್ನು ಗಮನಿಸುತ್ತಿದ್ದೇವೆ. ರಕ್ಷಣಾ ಸೇವೆಗೆ ಸಂಬಂಧಿಸಿದ ಒಂದು ವಿಷಯ ಮಾತಾಡಬೇಕಿದೆ. ಗುರುವಾರ ಹನ್ನೊಂದು ಗಂಟೆಗೆ ಕೃಷ್ಣಗಿರಿಗೆ ಬನ್ನಿ." ಕೆಳಗೆ ವಿಳಾಸ, ಒಂದು ಮುದ್ರೆ.

ಬುದ್ಧಿಯಿದ್ದವನು ಹೆದರುತ್ತಿದ್ದ. ನಾನು ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿ, ಎಲ್ಲರಿಗೂ ಕೇಳುವ ಹಾಗೆ ಮುನಿರತ್ನನಿಗೆ ಹೇಳಿದೆ.

"ಮಿಲಿಟ್ರಿಯೋರು ಕರೆದವ್ರೆ ಕಣ್ಲಾ. ನನ್ನ ಆಟ ನೋಡಿದ್ರಂತೆ."

"ನಿನ್ನ ಹೊಟ್ಟೆ ನೋಡಿದ್ರಾ?" ಎಂದ ಮುನಿರತ್ನ.

"ಈಗಿನ ಯುದ್ಧಕ್ಕೆ ಹೊಟ್ಟೆ ಅಡ್ಡ ಬರಲ್ಲ. ಕೂತ್ಕೊಂಡು ಡ್ರೋನ್ ಬಿಡೋದು," ಎಂದೆ. ಹಿಂದಿನ ಸೀಟಿನ ಇಬ್ಬರು ಎದ್ದು ಬಂದು ಕೈ ಕುಲುಕಿದರು. ಡ್ರೈವರ್ ಕನ್ನಡಿಯಲ್ಲೇ ಸೆಲ್ಯೂಟ್ ಹೊಡೆದ. ಆ ಮೂರು ದಿನ ನಾನು ಬಸ್ಸಿನಿಂದ ಇಳಿಯುವಾಗಲೂ ಬೆನ್ನು ನೆಟ್ಟಗೆ ಮಾಡಿಕೊಂಡೇ ಇಳಿಯುತ್ತಿದ್ದೆ.

ಚಂದ್ರಲೇಖಾ ಮಾತ್ರ ಸಂದೇಶವನ್ನು ಎರಡು ಸಲ ಓದಿದಳು. "ಹೋಗ್ಲೇಬೇಕಾ?" ಎಂದಳು. ಗಂಡ ಯುದ್ಧಕ್ಕೆ ಹೋಗುವ ಚಿಂತೆಯೆಂದು ತಿಳಿದು ನಾನು ಅವಳ ಹೆಗಲು ತಟ್ಟಿದೆ.

ಗುರುವಾರ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಕವರಿನಲ್ಲಿಟ್ಟುಕೊಂಡು ಹೊರಟೆ. ಹೊಸೂರಲ್ಲಿ ಬಸ್ಸು ಬದಲಿಸಿ ಕೃಷ್ಣಗಿರಿ ಸೇರುವ ಹೊತ್ತಿಗೆ ಶರ್ಟಿನ ಇಸ್ತ್ರಿ ಹೋಗಿತ್ತು. ವಿಳಾಸದ ಕಟ್ಟಡದ ಕೆಳಗೆ ಮಾವಿನ ಮಂಡಿ, ಮೇಲೆ ಆಫೀಸು. ಯಾವ ಇಲಾಖೆಯೆಂದು ತಿಳಿಯಲು ಬೋರ್ಡೇ ಇರಲಿಲ್ಲ.

ಒಳಗಿದ್ದವರು ಕುಮಾರೇಶ್ ಎಂಬ ಅಧಿಕಾರಿ. "ಉಕ್ಕಾರುಂಗ" ಎಂದು ತಮಿಳಿನಲ್ಲಿ ಕೂರಿಸಿದವರು, ನನ್ನ ಊರಿನ ಹೆಸರು ಕೇಳಿ ಕನ್ನಡಕ್ಕೆ ತಿರುಗಿದರು. ಅವರ ತಾಯಿ ಕೆಲಮಂಗಲದ ಕಡೆಯವರಂತೆ. ಮೇಜಿನ ಮೇಲೆ ಎರಡು ಫೈಲುಗಳಿದ್ದವು. ಎರಡರ ಮೇಲೂ ನನ್ನ ಹೆಸರು.

"ನಮ್ಮ ಹತ್ರ ಎರಡು ಪಟ್ಟಿ ಇವೆ," ಎಂದರು ಅವರು. "ಒಂದು, ಸೇವೆಗೆ ತಗೋಬೇಕಾದವರದ್ದು. ಇನ್ನೊಂದು, ಕಣ್ಣಿಡಬೇಕಾದವರದ್ದು. ಎರಡರಲ್ಲೂ ಬಂದಿರೋ ಹೆಸರು ಈ ಜಿಲ್ಲೆಯಲ್ಲಿ ನಿಮ್ಮದೊಂದೇ."

ನಾನು ಮೊದಲನೆಯ ಪಟ್ಟಿಯನ್ನಷ್ಟೇ ಕೇಳಿಸಿಕೊಂಡು "ಥ್ಯಾಂಕ್ಸ್ ಸಾರ್" ಎಂದೆ.

ಅವರು ಒಂದು ಕಾಗದ ತಿರುಗಿಸಿ ತೋರಿಸಿದರು. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನನ್ನ ಗುರಿ ನೂರಕ್ಕೆ ತೊಂಬತ್ತೊಂದು. ಸಂಜೆ ಏಳರ ಮೇಲೆ ನೂರಕ್ಕೆ ಎಂಟು.

"ಸಾಯಂಕಾಲ ನಿಮಗೆ ಕಣ್ಣು ಮಂಜಾಗುತ್ತಾ?"

ಬೆಳಿಗ್ಗೆ ಹತ್ತಕ್ಕೆ ನಾನು ಹೊಸೂರಿನಲ್ಲಿ ಗೇರಿನ ಹಲ್ಲು ಕಡಿಯುತ್ತಿರುತ್ತೇನೆ. ಟ್ಯಾಬ್ ಮನೆಯಲ್ಲಿರುತ್ತದೆ. ಮನೆಯಲ್ಲಿರುವುದು ಒಬ್ಬಳೇ. ಇಷ್ಟನ್ನು ಕೂಡಿಸಲು ನನಗೆ ಬೇಕಾದ ಸಮಯವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಅವರು ಎರಡನೆಯ ಫೈಲು ಬಿಚ್ಚಿದ್ದರು.

"ಇದು ನಿಮ್ಮ ಬೆಳಗಿನ ಚಾಟ್. ಪದ ಎಲ್ಲ ಗೊತ್ತಾಗುತ್ತೆ, ಅರ್ಥ ಗೊತ್ತಾಗಲ್ಲ. ನೀವೇ ಹೇಳಿ. 'ಗಡಿ ದಾಟಿ ಹೋಗಿ ಸಾಮಾನು ತಂದೆ.' ಏನು ಸಾಮಾನು?"

"ಕಾಫಿಪುಡಿ ಇರ್ಬೇಕು ಸಾರ್."

"ಸಾನಮಾವಿಂದ ಒಬ್ಬರು ಬರೀತಾರೆ, 'ಆನೆ ಬಂದವೆ, ಆಮೇಲೆ ಬತ್ತೀನಿ.' ಆನೆ ಅಂದ್ರೆ ಟ್ಯಾಂಕಾ?"

"ಆನೆ ಅಂದ್ರೆ ಆನೇನೆ ಸಾರ್. ಅಲ್ಲಿ ಕಾಡೈತೆ. ರಾಗಿ ಹೊಲಕ್ಕೆ ಬತ್ತವೆ." ಬರೆದವಳು ಯಾರೆಂದು ನನಗೆ ಹೊಳೆಯಿತು. ಸಾನಮಾವಿನಲ್ಲಿರುವ ಶ್ಯಾಮಲಮ್ಮ, ನನ್ನ ಹೆಂಡತಿಯ ಚಿಕ್ಕಮ್ಮನ ಮಗಳು. ಅವಳೂ ಗಂಡನ ಹೆಸರಿನಲ್ಲೇ ಆಡುತ್ತಿದ್ದಳು.

ಕುಮಾರೇಶ್ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. ಅದರ ಕೆಳಗೆ ಕೆಂಪು ಗೆರೆ ಎಳೆದಿತ್ತು. ಅವರು ಒಂದೊಂದೇ ಪದ ಬಿಡಿಸಿ ಓದಿದರು: "'ಸಂಜೆ ಸೋತ್ರೆ ನಮ್ ಮನೇರು ಸರಿಯಾಗಿ ಉಣ್ಣಲ್ಲ. ಅದ್ಕೇ ಬೆಳಿಗ್ಗೇನೆ ಒಂದಷ್ಟು ಗೆದ್ದು ಮಡಗ್ತೀನಿ.' ಇದು ಯಾವ ಕೋಡ್?"

ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ಒಬ್ಬ ಗಂಡಸಿನ ಬಗ್ಗೆ ಅವನ ಹೆಂಡತಿ ಬರೆದ ಅತ್ಯಂತ ಒಳ್ಳೆಯ ಮಾತನ್ನು ಸರ್ಕಾರ ಅವನಿಗಿಂತ ಮೊದಲು ಓದಿ ಕೆಂಪು ಗೆರೆ ಎಳೆದಿತ್ತು.

ಆದರೂ ನನ್ನ ಜಂಬ ಅಷ್ಟು ಸುಲಭಕ್ಕೆ ಸಾಯುವಂಥದ್ದಲ್ಲ. "ಎಲ್ಲಾ ನಾನೇ ಆಡಿದ್ದು ಸಾರ್" ಎಂದುಬಿಟ್ಟೆ. ಅವರು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ದೊಡ್ಡ ಪರದೆಯ ಮುಂದೆ ಕೂರಿಸಿದರು. ಆಟ ಶುರುವಾಯಿತು. ಮೊದಲ ನಿಮಿಷದಲ್ಲೇ ನಾನು ಜೀಪನ್ನು ಕೆರೆಗೆ ಇಳಿಸಿದೆ. ಈಜಿ ದಡ ಸೇರಿ, ಸಹಾಯಕ್ಕೆ ಓಡಿ ಬಂದ ನನ್ನದೇ ತಂಡದವನಿಗೆ ಗುಂಡು ಹೊಡೆದೆ. ಕುಮಾರೇಶ್ ಗಡಿಯಾರ ನೋಡಿಕೊಂಡರು.

"ಈಗ ಹನ್ನೊಂದೂ ಮುಕ್ಕಾಲು. ನಿಮಗೆ ಚೆನ್ನಾಗಿ ಕಣ್ಣು ಕಾಣೋ ಹೊತ್ತು," ಎಂದರು.

"ಅದು ನನ್ನ ಹೆಂಡ್ತಿ ಸಾರ್," ಎಂದೆ.

"ಮುಂದಿನ ಗುರುವಾರ ಅವರನ್ನ ಕರ್ಕೊಂಡು ಬನ್ನಿ."

ಮನೆಗೆ ಬಂದಾಗ ಚಂದ್ರಲೇಖಾ ಜಗಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತಿದ್ದಳು. ನಾನು ಶರ್ಟು ಕೂಡ ಬಿಚ್ಚದೆ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ. ಕೆರೆಯ ವಿಷಯ ಬಿಟ್ಟೆ.

"ಯಾವಾಗಿಂದ ಆಡ್ತಿದ್ದೀಯ?" ಎಂದೆ.

"ಎರಡು ವರ್ಷ ಆಯ್ತು. ನೀವು ಆಡೋವಾಗ ಹಿಂದೆ ನಿಂತು ನೋಡ್ತಿದ್ದೆ. ಏನು ಮಾಡಬಾರದು ಅಂತ ಚೆನ್ನಾಗಿ ಗೊತ್ತಾಯ್ತು."

"ನನಗ್ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಖುಷಿಯಾಗಿದ್ರಿ." ಅವಳ ಕೈ ನಿಂತಿತು. "ನಾನು ಶ್ಯಾಮಲಂಗೆ ಬರ್ದಿದ್ದು ಅವರಿಗೆ ಹೆಂಗೆ ಸಿಕ್ತು?"

"ಎಲ್ಲಾ ಓದ್ತಾರಂತೆ."

"ಎಲ್ಲಾನೂವಾ?" ಅವಳ ಮುಖ ಕೆಂಪಗಾಯಿತು. "ಅತ್ತೆ ವಿಷ್ಯ? ನನ್ನ ಹೊಟ್ಟೆನೋವಿನ ವಿಷ್ಯ? ಡಾಕ್ಟರ್ ಏನಂದ್ರು ಅಂತ ಬರ್ದಿದ್ದು?"

ಅವಳಿಗೆ ಹೊಟ್ಟೆನೋವಿತ್ತೆಂಬುದೂ, ಡಾಕ್ಟರ ಹತ್ತಿರ ಹೋಗಿದ್ದಳೆಂಬುದೂ ನನಗೆ ಆಗಲೇ ಗೊತ್ತಾದದ್ದು. ಗಾಬರಿಯಿಂದ ಕೇಳಿದೆ. ಗಂಭೀರವಾದದ್ದೇನಲ್ಲ, ಮಾತ್ರೆಯಲ್ಲಿ ವಾಸಿಯಾಯಿತು ಎಂದಳು. ಕೃಷ್ಣಗಿರಿಯ ಒಬ್ಬ ಅಪರಿಚಿತನಿಗೆ ತಿಳಿದಿದ್ದ ಸಂಗತಿ, ಒಂದೇ ಸೂರಿನ ಕೆಳಗಿದ್ದ ಮೇಜರಿಗೆ ತಿಳಿದಿರಲಿಲ್ಲ. ಆ ಸಂಜೆ ನಾನು ಟ್ಯಾಬ್ ಮುಟ್ಟಲಿಲ್ಲ. ಅಲಸಂದೆಕಾಯಿ ಬಿಡಿಸಿದೆ. ಅದರಲ್ಲೂ ಹುಳುಕು ಕಾಳನ್ನು ಒಳ್ಳೆಯದರ ಜೊತೆ ಹಾಕಿ ಬೈಸಿಕೊಂಡೆ.

ಗುರುವಾರ ಅವಳು ಬರುವುದಿಲ್ಲವೆಂದುಕೊಂಡಿದ್ದೆ. ಬೆಳಿಗ್ಗೆಯೇ ಸೀರೆ ಉಟ್ಟು ನಿಂತಿದ್ದಳು. "ಓದಿದೋರ ಮುಖ ಒಂದ್ಸಲ ನೋಡ್ಬೇಕು," ಎಂದಳು.

ಆ ಕೋಣೆಯಲ್ಲಿ ಅವಳು ಆಡಿದ್ದನ್ನು ನಾನು ಹಿಂದೆ ನಿಂತು ನೋಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ರೊಟ್ಟಿ ತಟ್ಟುವಷ್ಟೇ ಸಮಾಧಾನದಿಂದ ಒಂದು ಬೆಟ್ಟ, ಎರಡು ಸೇತುವೆ ಹಿಡಿದಳು. ಕುಮಾರೇಶ್ ಕೂತಿದ್ದವರು ಎದ್ದು ನಿಂತರು.

"ಸೈನ್ಯಕ್ಕೆ ಸೇರೋ ವಯಸ್ಸು ನಿಮ್ಮದು ದಾಟಿದೆ ಮೇಡಂ. ಆದ್ರೆ ಹೊಸದಾಗಿ ಸೇರೋ ಹುಡುಗರಿಗೆ ಡ್ರೋನ್ ಕಲಿಸೋಕೆ ನಿಮ್ಮಂಥವರು ಬೇಕು. ಜೊತೆಗೆ ಆಟದಲ್ಲಿ ಒಳ್ಳೆ ಹುಡುಗರು ಕಂಡ್ರೆ ನೀವೇ ಮಾತಾಡಿಸಿ ನಮ್ಮ ಕಡೆ ಕಳಿಸಬಹುದು."

"ಅವರು ಏನೇನು ಬರೀತಾರೆ ಅಂತಾನೂ ನೋಡ್ತಿರ್ಬೇಕಾ?"

"ಸ್ವಲ್ಪ ಗಮನ ಇಟ್ರೆ ಒಳ್ಳೇದು."

"ನಾನು ಬರ್ದಿದ್ದು ಅಳಿಸಿ ಹಾಕ್ತೀರಾ?"

ಅವರು ನಿಜವಾಗಿಯೂ ಮುಜುಗರಪಟ್ಟರು. "ಓದೋದು ನಮ್ಮ ಕೆಲಸ ಮೇಡಂ. ಅಳಿಸೋದು ಬೇರೆ ಆಫೀಸು."

"ಹಂಗಾದ್ರೆ ನೀವೇ ಯಾರನ್ನಾದ್ರೂ ಹುಡುಕ್ಕೊಳಿ ಸಾರ್. ನನ್ನ ಕೈಲಿ ಆಗಲ್ಲ," ಎಂದು ಅವಳು ಎದ್ದಳು. ಮೆಟ್ಟಿಲು ಇಳಿಯುವಾಗ ನಾನು ಅವಳ ಕೈ ಹಿಡಿದುಕೊಂಡೆ. ಕೆಳಗೆ ಮಂಡಿಯಲ್ಲಿ ಬಾದಾಮಿ ಮಾವು ಬಂದಿತ್ತು. ಎರಡು ಕೆಜಿ ತಗೊಂಡು ಬಸ್ ಸ್ಟ್ಯಾಂಡಿಗೆ ನಡೆದೆವು.

ಶುಕ್ರವಾರ ಬಸ್ಸಿನಲ್ಲಿ ಎಲ್ಲರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಸಲ ಕೆರೆಯನ್ನೂ ಬಿಡಲಿಲ್ಲ. ಹೊಸೂರು ಬರುವತನಕ ನಗು ನಿಲ್ಲಲಿಲ್ಲ. ಮುನಿರತ್ನ ಮಾತ್ರ ನಡುವೆಯೇ ತನ್ನ ಮನೆಯ ಫೋನಿನಲ್ಲಿ ಹಗಲು ಯಾರು ಆಡುತ್ತಾರೆಂದು ಯೋಚಿಸತೊಡಗಿದ.

ಈಗ ಚಂದ್ರಲೇಖಾ ತನ್ನದೇ ಹೆಸರಿನಲ್ಲಿ ಆಡುತ್ತಾಳೆ. ಅವಳ ತಂಡದವರು ಚಾಟಿನಲ್ಲಿ ಆಟದ ಮಾತು ಬಿಟ್ಟು ಬೇರೇನೂ ಬರೆಯುವುದಿಲ್ಲ. ಮನೆಯ ಮಾತಿದ್ದರೆ ಶ್ಯಾಮಲಮ್ಮ ಬಸ್ಸು ಹತ್ತಿ ಬರುತ್ತಾಳೆ. ನನ್ನನ್ನೂ ತಂಡಕ್ಕೆ ಸೇರಿಸಿಕೊಳ್ಳಬೇಕೆಂದು ಅರ್ಜಿ ಹಾಕಿದೆ. ಎಂಟು ದಿನ ಕಾಯಿಸಿ ಒಪ್ಪಿದಳು. ಕಾವಲು ಗೋಪುರ ಹತ್ತಿ ಅಲ್ಲಾಡದೆ ಕೂತಿರುವುದು ನನ್ನ ಕೆಲಸ. ಯಾರಾದರೂ ಬಂದರೆ ಹೇಳಬೇಕು, ಗುಂಡು ಹೊಡೆಯಕೂಡದು.

"ಅಲ್ಲೇ ಇದೀರಾ?" ಎಂದು ಅವಳು ಅಡುಗೆಮನೆಯಿಂದಲೇ ಕೂಗಿ ಕೇಳುತ್ತಾಳೆ.

"ಇಲ್ಲೇ ಇದೀನಿ," ಎನ್ನುತ್ತೇನೆ.