ಮರಿಗಳ ತೊಟ್ಟಿಗೊಂದು ದಂಡೆ

ಕ್ಲೋರಿನ್ ವಾಸನೆ ಹೋಗಲೆಂದು ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದು ತೆರೆದಿಟ್ಟಿದ್ದ ನಲ್ಲಿ ನೀರನ್ನು ಆಕೆ ಗಾಜಿನ ತೊಟ್ಟಿಗೆ ಸುರಿಯುತ್ತಿದ್ದಳು. ಮರಿಗಳಿಗೆ ಯಾವ ಕೊರತೆಯೂ ಆಗಬಾರದೆಂದು ಧಾರಾಳವಾಗಿಯೇ ಸುರಿದಳು.

ಗಂಡನ ಮೊದಲ ಹೆಂಡತಿಯ ಮಗಳು ಅಜ್ಜಿಯ ಮನೆಯಿಂದ ಬಂದು ವಾರವಾಗಿತ್ತು. ಇಲ್ಲೇ ಉಳಿಯುವುದೋ ವಾಪಸು ಹೋಗುವುದೋ, ರಜೆ ಮುಗಿಯುವಾಗ ಅವಳೇ ಹೇಳಲಿ ಎಂದು ಮಾತಾಗಿತ್ತು. ಬರುವಾಗ ಮಡಿಲಲ್ಲಿಟ್ಟುಕೊಂಡು ತಂದ ಡಬ್ಬಿಯಲ್ಲಿ ಒದ್ದೆ ಪಾಚಿ, ಪಾಚಿಯ ಮೇಲೆ ಬೆರಳುದ್ದವೂ ಇಲ್ಲದ ನಾಲ್ಕು ನ್ಯೂಟ್ ಮರಿಗಳು. ನೋಡಲು ಹಲ್ಲಿ, ಬಳಗ ಕಪ್ಪೆಯದು. ಹುಡುಗಿ ಮಾತಾಡುತ್ತಿದ್ದುದೆಲ್ಲ ಅವುಗಳ ಜೊತೆಗೇ. ಇವಳನ್ನು ‘ಚಿಕ್ಕಮ್ಮ’ ಎನ್ನುತ್ತಿದ್ದಳು. ಇವಳಿಗೋ ‘ಅಮ್ಮ’ ಅನ್ನಿಸಿಕೊಳ್ಳುವ ಆಸೆ. ಅದಕ್ಕೇ ಒಂದೆರಡು ಕೂಗಿಗೆ ಕೇಳಿಸದವಳಂತೆ ಹೊಲಿಗೆ ಮಷೀನು ತುಳಿಯುತ್ತಿದ್ದಳು.

"ಅಯ್ಯೋ ಚಿಕ್ಕಮ್ಮ, ಅವನ್ನ ಮುಳುಗಿಸ್ಬೇಕು ಅಂತಿದ್ದೀರಾ?" ಹಲ್ಲುಜ್ಜುತ್ತಿದ್ದ ಹುಡುಗಿ ಬಾಯಿ ತುಂಬ ನೊರೆಯೊಂದಿಗೇ ಓಡಿಬಂದಳು.

"ನೀರಲ್ಲಿರೋ ಜೀವ ಅಲ್ವೇನೇ?"

"ಹುಟ್ಟಿದ್ದು ನೀರಲ್ಲೇ. ಈಗ ಕಿವಿರು ಹೋಗಿದೆಯಲ್ಲ, ಕಾಲಿಡೋಕೆ ನೆಲ ಬೇಕು. ನೀರು ಒಂದು ಮೂಲೇಲಿ ಇಷ್ಟೇ ಇಷ್ಟು ಸಾಕು. ಬೇಕು ಅನ್ನಿಸ್ದಾಗ ಅವೇ ಇಳೀತವೆ. ನಾವು ತಳ್ಳಬಾರ್ದು."

ವಾರದಲ್ಲಿ ಆ ಬಾಯಿಂದ ಒಟ್ಟಿಗೆ ಇಷ್ಟು ಮಾತು ಬಂದಿರಲಿಲ್ಲ. ಬೈಸಿಕೊಂಡೂ ಇಷ್ಟು ಹಿತವಾಗುತ್ತದೆಂದು ಆಕೆಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ನೀರು ಮೊಗೆದು ಹೊರಹಾಕಿದರು. ನುಣುಪು ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿ, ಮೇಲೆ ಪಾಚಿ ಹಾಸಿ, ಅಡಗಲು ಒಡೆದ ಹೂಕುಂಡದ ಚೂರೊಂದನ್ನು ಕವುಚಿಟ್ಟರು. ಮನೆಯಲ್ಲೆಲ್ಲ ತಂಪಾದ ಜಾಗವೆಂದರೆ ಬಟ್ಟೆ ಕತ್ತರಿಸುವ ಮೇಜಿದ್ದ ಮೂಲೆ. ಆಕೆ ಮೇಜನ್ನೇ ಆಚೆ ಸರಿಸಿದಳು.

"ಮುಚ್ಚಳ? ಗಾಜು ಹತ್ತಿ ಹೋಗಿಬಿಡ್ತವೆ."

"ದರ್ಜಿ ಮನೇಲಿ ಅದಕ್ಕೇನು ಬರ!" ಸೊಳ್ಳೆಪರದೆಯ ಬಟ್ಟೆ ಅಳೆದು, ಸುತ್ತ ಬಿಗಿಯಾಗಿ ಎಲಾಸ್ಟಿಕ್ ಹೊಲಿದಳು. ಅಂಚಿನಲ್ಲಿ ಎರಡು ಬೆರಳು ಬಟ್ಟೆ ಹೆಚ್ಚಿಗೆ ಮಡಚಿದ್ದನ್ನು ಹುಡುಗಿ ಕಂಡುಹಿಡಿದಳು.

"ಇದ್ಯಾಕೆ?"

"ಮಕ್ಕಳ ಬಟ್ಟೆ ಹೊಲಿದು ಹೊಲಿದು ಕೈಗೆ ರೂಢಿ ಕಣೇ. ಬೆಳೆಯೋರಿಗೆ ಬಿಡ್ಬೇಕಲ್ಲ."

"ತೊಟ್ಟಿ ಬೆಳೆಯುತ್ತಾ ಚಿಕ್ಕಮ್ಮ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ನಾಲ್ಕು ಪುಟ್ಟ ಜೀವಗಳಿಗೆ ಎಷ್ಟು ಋಣಿಯಾದರೂ ಸಾಲದು ಅನ್ನಿಸಿತು ಆಕೆಗೆ.

ಮಧ್ಯಾಹ್ನ ಆಕೆ ಮತ್ತೆ ಮಷೀನಿನ ಮುಂದೆ ಕೂತಿದ್ದಾಗ ಮೂಲೆಯಿಂದ ಕೂಗು ಬಂತು. "ಚಿಕ್ಕಮ್ಮಾ! ಒಂದು ತಾನಾಗೇ ನೀರಿಗೆ ಇಳೀತಿದೆ!"

ಕಾಲು ರೂಢಿಯಂತೆ ಮಷೀನನ್ನು ಇನ್ನೊಮ್ಮೆ ತುಳಿಯಲು ಹೋಯಿತು. ಆಕೆ ಅದನ್ನು ತಡೆದಳು. ಇನ್ನು ಮೇಲೆ ಈ ಹೆಸರಿನ ಮೊದಲನೇ ಕೂಗಿಗೇ ಓಗೊಡುವುದು, ಬೇರೆ ಹೆಸರಿಗಾಗಿ ಕಾಯುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಳು.

"ಬಂದೆ ಪುಟ್ಟಿ," ಎಂದು ಎದ್ದಳು.