ಐದನೆಯ ಉತ್ತರ

ಹೈಸ್ಕೂಲಿಗೆ ಹೋಗಲಿರುವ ಹುಡುಗಿಯರನ್ನು ಸಿದ್ಧಗೊಳಿಸಿ ಎಂದು ಇಲಾಖೆಯಿಂದ ಪತ್ರ ಬಂದಾಗ ನಮ್ಮ ಮುಖ್ಯೋಪಾಧ್ಯಾಯ ಶೌಕತ್ ಸಾಹೇಬರು ಮೊದಲು ಮಾಡಿದ ಕೆಲಸವೆಂದರೆ ಬ್ಯಾನರಿಗೆ ಅಳತೆ ತೆಗೆಸಿದ್ದು. ಆಮೇಲೆ ನನ್ನನ್ನು ಕರೆಸಿದರು. ನಾನು ಇಬ್ತಿಹಾಲ್, ಶಾಲೆಯ ಸಮಾಜ ಕಾರ್ಯಕರ್ತೆ. ಮಕ್ಕಳ ಕಷ್ಟಸುಖ ನೋಡುವುದು ನನ್ನ ಕೆಲಸವೆಂದು ಕಾಗದದಲ್ಲಿದೆ. ಹುಡುಗಿಯರು ನನ್ನನ್ನು ಅಬ್ಲಾ, ಅಂದರೆ ಅಕ್ಕ, ಎನ್ನುತ್ತಾರೆ. ಅವರನ್ನು ನೋಡಿ ಸಾಹೇಬರೂ ಹಾಗೇ ಕರೆಯುತ್ತಿದ್ದರು.

"ಸಾಹೇಬ್ರೇ, ಒಂದಿನ ಹುಡುಗೀರನ್ನ ಪಟ್ಟಣದ ಹೈಸ್ಕೂಲಿಗೆ ಕರ್ಕೊಂಡು ಹೋಗ್ಬರೋಣ. ದಾರಿ ನೋಡ್ಲಿ, ಗೇಟು ನೋಡ್ಲಿ, ಭಯ ಹೋಗುತ್ತೆ" ಎಂದೆ.

"ಯಾವಳಾದ್ರೂ ಎಡವಿ ಬಿದ್ರೆ ನನ್ ಕುರ್ಚಿ ಹೋಗುತ್ತೆ ಅಬ್ಲಾ. ನೀವು ಹತ್ತು ಪ್ರಶ್ನೆ, ಹತ್ತು ಮಾದರಿ ಉತ್ತರ ಟೈಪ್ ಮಾಡ್ಕೊಡಿ. ಕಾರ್ಯಕ್ರಮಕ್ಕೆ ಇಲಾಖೆ ಇನ್ಸ್‌ಪೆಕ್ಟರ್ ಬಂದಾಗ ಪಟಪಟ ಅಂತ ಒಪ್ಪಿಸ್ಬೇಕು."

ಇಪ್ಪತ್ತು ವರ್ಷ ಭೂಗೋಳ ಪಾಠ ಮಾಡಿದ ಮನುಷ್ಯ. ನೈಲ್ ನದಿಯ ಉದ್ದವನ್ನು ನಿದ್ದೆಯಲ್ಲೂ ಹೇಳುತ್ತಾರೆ, ಶಾಲೆಯ ಹಿಂದಿನ ಕಾಲುವೆಯ ಸೇತುವೆ ಮುರಿದು ಬಿದ್ದು ಮೂರು ತಿಂಗಳಾದದ್ದು ಅವರಿಗೆ ಗೊತ್ತಿರಲಿಲ್ಲ. ಆದರೆ ಅವರನ್ನು ಆಡಿಕೊಂಡು ನಾನೇನು ಸಾಧಿಸಿದೆ? ಟೈಪ್ ಮಾಡಿದವಳು ನಾನೇ. ಒಂದನೆಯ ಪ್ರಶ್ನೆ, ಹೈಸ್ಕೂಲೆಂದರೇನು? ಉತ್ತರ, ಭವಿಷ್ಯದ ಹೆಬ್ಬಾಗಿಲು. ಐದನೆಯದು, ಹೊಸ ಶಾಲೆಗೆ ಹೇಗೆ ಹೋಗುತ್ತೀಯ? ಉತ್ತರ, ಶ್ರಮ ಮತ್ತು ಶಿಸ್ತಿನಿಂದ. ಬರೆಯುವಾಗ ನನಗೇ ಹೇಸಿಗೆಯಾಯಿತು, ಆದರೂ ಬರೆದೆ.

ಐದನೆಯ ಉತ್ತರ ಹನೀನ್ ಪಾಲಿಗೆ ಬಂತು. ತರಗತಿಗೇ ಮೊದಲನೆಯವಳು, ಮಾತಾಡಲು ಮಾತ್ರ ಬಾಯಿ ಏಳದು. ಅವಳಪ್ಪನ ಹೆಸರು ಮಿತ್ವಲ್ಲಿ, ನೀರೆತ್ತುವ ಪಂಪು ರಿಪೇರಿ ಮಾಡುವವನು. ಹೈಸ್ಕೂಲಿನ ಫಾರಮ್ಮಿಗೆ ಅವನ ರುಜು ಬೇಕು. ಅವನು ರುಜು ಹಾಕದಿದ್ದರೆ ಹುಡುಗಿ ಮಸೀದಿಯ ಹಿಂದಿನ ವಾಣಿಜ್ಯ ಶಾಲೆ ಸೇರಬೇಕು, ಮೂರು ವರ್ಷ ಪಾಠವಿಲ್ಲದೆ ಕೂತು ಮದುವೆಯಾಗಬೇಕು. ಹನೀನ್ ಔಷಧ ಅಂಗಡಿ ಇಡುವ ಆಸೆ ಇಟ್ಟುಕೊಂಡಿದ್ದಳು.

"ಮೇಡಮ್ಮೋರೆ, ಮಾರ್ಕ್ಸು ಬರುತ್ತೆ, ನಂಗೂ ಗೊತ್ತು" ಎಂದಿದ್ದ ಮಿತ್ವಲ್ಲಿ. "ರೈಲ್ವೆ ಗೇಟಲ್ಲಿ ಇಳಿದು, ಆ ಜನದ ನಡುವೆ ದಾಟಿ ಹೋಗ್ಬೇಕು. ಅಂಗಡೀಲಿ ಉಪ್ಪು ಕೇಳೋಕೇ ನಾಚ್ಕೊಳ್ತಾಳೆ ಇವಳು. ನಿಮ್ಮ ಕಾರ್ಯಕ್ರಮಕ್ಕೆ ಬರ್ತೀನಿ. ಅಲ್ಲಿ ಬಾಯಿ ಬಿಟ್ರೆ ರುಜು, ಇಲ್ದಿದ್ರೆ ಇಲ್ಲ."

ನನ್ನ ಮನೆ ಪಟ್ಟಣದಲ್ಲಿ. ಒಂದು ಗುರುವಾರ ಶಾಲೆ ಬಿಟ್ಟ ಮೇಲೆ, ಅವಳಮ್ಮನಿಗಷ್ಟೇ ಹೇಳಿ ಹನೀನ್‌ಳನ್ನು ಜೊತೆಗೆ ಕರೆದುಕೊಂಡು ಹೋದೆ. ಹೈಸ್ಕೂಲಿನ ಗೇಟು ತೋರಿಸಿ, "ಈಗ ಒಬ್ಬಳೇ ವಾಪಸ್ ಹೋಗು" ಎಂದೆ. ಅವಳು ಬಿಳಿಚಿಕೊಂಡಳು, ಆದರೆ ಹೋದಳು. ಅವಳು ಮನೆ ಮುಟ್ಟಿದಳೆಂದು ಅವಳಮ್ಮನ ಫೋನು ಬರುವವರೆಗೆ ನಾನು ನಿಂತಲ್ಲಿ ನಿಲ್ಲಲಿಲ್ಲ.

ಕಾರ್ಯಕ್ರಮದ ದಿನ ಬ್ಯಾನರ್ ವೇದಿಕೆಗಿಂತ ದೊಡ್ಡದಾಗಿತ್ತು. ಸಾಹೇಬರು ಇನ್ಸ್‌ಪೆಕ್ಟರಿಗೆ ಬಸ್ಬೂಸಾ ಮಿಠಾಯಿ ತಿನ್ನಿಸಿ ಹಲ್ಲುಗಿಂಜುತ್ತಾ ನಿಂತರು. ಹತ್ತು ಹುಡುಗಿಯರು ಉತ್ತರಗಳ ಕ್ರಮದಲ್ಲೇ ಸಾಲಾಗಿ ಕೂತಿದ್ದರು. ಇನ್ಸ್‌ಪೆಕ್ಟರು ಮೊದಲನೆಯವಳ ಕೆನ್ನೆ ಸವರಿ, "ನಿನ್ನ ಹೆಸರೇನಮ್ಮಾ?" ಎಂದರು.

"ಭವಿಷ್ಯದ ಹೆಬ್ಬಾಗಿಲು!" ಎಂದು ಹುಡುಗಿ ಕಿರುಚಿದಳು.

"ಶಹಬ್ಬಾಸ್" ಎಂದು ಇನ್ಸ್‌ಪೆಕ್ಟರು ಬರೆದುಕೊಂಡರು. ಅವರು ಕೇಳಿಸಿಕೊಂಡಿರಲೇ ಇಲ್ಲ.

ಹಿಂದಿನ ಸಾಲಿನಿಂದ ಮಿತ್ವಲ್ಲಿ, "ಈ ಗಿಳಿಗಳನ್ನ ಪಟ್ಟಣಕ್ಕೆ ಬಿಟ್ರೆ ಬೆಕ್ಕಿಗೆ ಊಟ" ಎಂದದ್ದು ನಮಗೆಲ್ಲ ಕೇಳಿಸಿತು.

ಸರದಿ ಹನೀನ್‌ಳದು ಬಂತು. "ಹೊಸ ಶಾಲೆಗೆ ಹೇಗೆ ಹೋಗ್ತೀಯ?"

"ಶ್ರಮ ಮತ್ತು..." ಎಂದಳು. ಅಷ್ಟರಲ್ಲಿ ಮಿತ್ವಲ್ಲಿ ಎದ್ದು ಬಾಗಿಲ ಕಡೆ ತಿರುಗಿದ. ಹುಡುಗಿಯ ಮಾತು ನಿಂತಿತು. ಸಾಹೇಬರು ತುಟಿಯಲ್ಲೇ 'ಶಿಸ್ತು, ಶಿಸ್ತು' ಎನ್ನುತ್ತಿದ್ದರು.

"ಬಾಬಾ, ನಿಂತ್ಕೋ!" ಎಂದು ಅಪ್ಪನನ್ನು ಕೂಗಿದಳು ಹನೀನ್. "ಮಸೀದಿ ಮುಂದೆ ಮೈಕ್ರೋಬಸ್ ಹತ್ತೀನಿ. ಬಾಗಿಲ ಹತ್ರ ಕೂರಲ್ಲ, ಹೆಂಗಸರ ಪಕ್ಕ ಕೂರ್ತೀನಿ. ರೈಲ್ವೆ ಗೇಟಲ್ಲಿ ಇಳೀತೀನಿ. ಗೇಟು ಹಾಕಿದ್ರೆ ಎಲ್ರೂ ಕೆಳಗೆ ನುಸುಳ್ತಾರೆ, ನಾನು ನುಸುಳಲ್ಲ. ಸೊಪ್ಪು ಮಾರೋ ಉಮ್ಮ್ ಫರಹಾತ್ ಪಕ್ಕ ನಿಂತ್ಕೋತೀನಿ. ದಾಟಿದ ಮೇಲೆ ಲಿವರ್ ಹುರಿಯೋ ಗಾಡಿ ಹತ್ರ ಎಡಕ್ಕೆ. ಅಲ್ಲಿಂದ ಗೇಟು ಕಾಣುತ್ತೆ."

"ಇದನ್ನ ಯಾರು ಬಾಯಿಪಾಠ ಮಾಡ್ಸಿದ್ರು?" ಎಂದ ಮಿತ್ವಲ್ಲಿ.

"ಯಾರೂ ಇಲ್ಲ. ಹೋದ ವಾರ ಅಬ್ಲಾ ಜೊತೆ ಹೋಗಿದ್ದೆ. ವಾಪಸ್ ಒಬ್ಬಳೇ ಬಂದೆ."

ನನ್ನ ಜುಟ್ಟು ಸಿಕ್ಕಿತೆಂದು ಸಾಹೇಬರ ಕಣ್ಣು ಅರಳಿತು. ಮಿತ್ವಲ್ಲಿ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಮಗಳ ಕಡೆ ತಿರುಗಿದ.

"ಉಮ್ಮ್ ಫರಹಾತ್ ಏನಾದ್ರೂ ಅಂದ್ಲಾ?"

"ಯಾರ್ ಮಗಳೇ ನೀನು ಅಂದ್ಲು. ಪಂಪು ಮಿತ್ವಲ್ಲಿ ಮಗಳು ಅಂದೆ. ನಿಮ್ಮಪ್ಪ ಮಾಡಿದ ರಿಪೇರಿ ಎರಡೇ ದಿನ ಬಾಳಿಕೆ ಬಂತು ಅಂತ ಬೈದ್ಲು."

"ಅವಳ ಗಂಡ ಮರಳು ನೀರು ಎಳೆಸ್ತಾನೆ, ರಿಪೇರಿ ಏನ್ ಮಾಡುತ್ತೆ!" ಎಂದು ಮಿತ್ವಲ್ಲಿ ಗುಡುಗಿದ. ಆಮೇಲೆ ಅವನ ದನಿ ಇಳಿಯಿತು. "ಅಲ್ಲಾನಾಣೆ, ಹೋಗಿದ್ದು ನಿಜ. ನೀನೇನಂದೆ?"

"ಬಂದು ನಮ್ ಬಾಬಾನ್ನೇ ಕೇಳು ಅಂದೆ."

ಮಿತ್ವಲ್ಲಿ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ. "ಎಲ್ಲಿ ಆ ಫಾರಮ್ಮು?" ಎಂದ. ರುಜು ಹಾಕುವಾಗ ಗ್ರೀಸಿನ ಹೆಬ್ಬೆರಳ ಗುರುತೂ ಅದರ ಮೇಲೆ ಬಿತ್ತು. ನನಗೆ ಅಳು ಬಂತು, ಬರಲಿ ಎಂದು ಬಿಟ್ಟೆ.

"ಇದು ಪೇಪರಲ್ಲಿ ಇರ್ಲಿಲ್ವಲ್ಲ ಅಬ್ಲಾ!" ಎಂದು ಸಾಹೇಬರು ಹಲ್ಲು ಕಡಿದರು. ಇನ್ಸ್‌ಪೆಕ್ಟರು ಮಾತ್ರ ಹನೀನ್ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದರು. ಒಬ್ಬನಾದರೂ ಮನುಷ್ಯ ಸಿಕ್ಕಿದನಲ್ಲ ಎಂದುಕೊಂಡೆ. ನನ್ನಂಥ ಪೆದ್ದಿ ಯಾರಿದ್ದಾರೆ.

ಅನುಮತಿಯಿಲ್ಲದೆ ವಿದ್ಯಾರ್ಥಿನಿಯನ್ನು ಕರೆದೊಯ್ದ ತಪ್ಪಿಗೆ ಸಾಹೇಬರು ನನ್ನನ್ನು ವರ್ಗ ಮಾಡಿಸಿದರು. ಶಿಕ್ಷೆಯೆಂದು ಹಾಕಿದ್ದು ಪಟ್ಟಣದ ಮಿಡ್ಲ್ ಸ್ಕೂಲಿಗೆ, ನನ್ನ ಮನೆಯಿಂದ ಐದು ನಿಮಿಷದ ದಾರಿ. ಆ ಶಾಲೆಗೂ ಹೈಸ್ಕೂಲಿಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಹನೀನ್ ಆ ಗೇಟಿನೊಳಗೆ ಹೋಗುವುದು ನನ್ನ ಕಿಟಕಿಯಿಂದ ಕಾಣುತ್ತದೆ. ಒಮ್ಮೊಮ್ಮೆ ಉಮ್ಮ್ ಫರಹಾತ್ ಕೊಟ್ಟ ಸೊಪ್ಪನ್ನು ಮೆಲ್ಲುತ್ತಾ ಹೋಗುತ್ತಾಳೆ.

ಈ ವರ್ಷ ಇಲಾಖೆಯಿಂದ ಬಣ್ಣದ ಹೊದಿಕೆಯ ಪುಸ್ತಿಕೆ ಬಂತು. ಹತ್ತು ಪ್ರಶ್ನೆ, ಹತ್ತು ಮಾದರಿ ಉತ್ತರ, ಜಿಲ್ಲೆಯ ಎಲ್ಲ ಶಾಲೆಗಳಿಗೂ ಒಂದೇ. ನಿನ್ನೆ ಲುಜೈನ್ ಎಂಬ ಹುಡುಗಿ ನನ್ನೆದುರು ಕೈಕಟ್ಟಿ ನಿಂತು ಐದನೆಯದನ್ನು ಒಪ್ಪಿಸಿದಳು.

"ಮಸೀದಿ ಮುಂದೆ ಮೈಕ್ರೋಬಸ್ ಹತ್ತೀನಿ. ಬಾಗಿಲ ಹತ್ರ ಕೂರಲ್ಲ..."

"ನಿಲ್ಸು ತಾಯಿ. ನಿಮ್ಮನೆ ಎಲ್ಲಿ?"

"ಹೈಸ್ಕೂಲ್ ಎದುರಿಗೇ ಅಬ್ಲಾ."

"ಮತ್ತೆ ಮೈಕ್ರೋಬಸ್ ಯಾಕೆ?"

"ಪುಸ್ತಕದಲ್ಲಿ ಹಾಗೇ ಇದೆ. ಬಿಟ್ರೆ ಮಾರ್ಕ್ಸ್ ಕಟ್" ಎಂದು ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ಆಯ್ತು. ಉಮ್ಮ್ ಫರಹಾತ್ ಅಂದ್ರೆ ಯಾರು ಅಂತಾನಾದ್ರೂ ಗೊತ್ತಾ?"

ಲುಜೈನ್ ಸ್ವಲ್ಪ ಯೋಚಿಸಿದಳು.

"ಮಂತ್ರಿಗಳಿರ್ಬೇಕು ಅಬ್ಲಾ" ಎಂದಳು.