ದೊರೆಸಾನಿ ನಿಲ್ಲುವ ಜಾಗಗಳು

ಲಾಡ್ಜಿನ ಯಜಮಾನಿ ಮೂರು ಹಾಸಿಗೆ ಹಾಸಿಟ್ಟಿದ್ದಳು. ಫೋನಿನಲ್ಲಿ ಹಾಲಿನವನು ಹೇಳಿದ್ದೇ ಹಾಗೆ: ನಾನು, ನನ್ನ ಹೆಂಡತಿ, ಆಮೇಲೆ ನಮ್ಮ ದೊರೆಸಾನಿ. ಅತ್ತೆಯೋ ದೊಡ್ಡಮ್ಮನೋ ಇರಬೇಕು ಎಂದುಕೊಂಡು ಮೂರನೆಯ ಮಂಚಕ್ಕೆ ಹೂವಿನ ಚಿತ್ರದ ಹೊದಿಕೆಯನ್ನೇ ಹೊರಗೆ ತೆಗೆದಿದ್ದಳು. ಲಾರಿಯ ಹಿಂದಿನ ಹಲಗೆ ಇಳಿಯಿತು. ಅದರ ಮೇಲೆ ಮೊದಲು ಒಂದು ಗೊರಸು, ಆಮೇಲೆ ಇನ್ನೊಂದು, ಕೊನೆಗೆ ಬೂದು ಬಣ್ಣದ ಇಡೀ ಹೆಣ್ಣುಕುದುರೆ ಸಾವಕಾಶವಾಗಿ ಇಳಿದು ಬಂದಾಗ ಯಜಮಾನಿ ಸೊಂಟದ ಮೇಲೆ ಕೈಯಿಟ್ಟಳು.

“ಇವರೇನಾ ಮೂರನೆಯವರು?”

“ಹ್ಞೂಂ” ಅಂದ ಹಾಲಿನವನು. “ಬಹಳ ಸಾಧು.”

“ಇವಳು ಸಾಧು ಇರಬಹುದು ಕಣಪ್ಪ. ಮಂಚ ತಡೀಬೇಕಲ್ಲ? ಮೊನ್ನೆ ತಾನೇ ಅದರ ಕಾಲಿಗೆ ಮೊಳೆ ಹೊಡೆಸಿದ್ದೀನಿ.”

ಹಾಲಿನವನ ಹೆಂಡತಿಗೆ ನಗು ಬಂತು. ದಾರಿಯುದ್ದಕ್ಕೂ ಬಂದಿರಲಿಲ್ಲ. ಡ್ರೈವರಿನ ಪಕ್ಕ ಅವಳೊಬ್ಬಳೇ ಕೂತಿದ್ದಳು. ಗಂಡ ಹಿಂದೆ ಕುದುರೆಯ ಜೊತೆ ಹುಲ್ಲಿನ ಮೇಲೆ. “ರಜೆಗೆ ಹೊರಟಿದ್ದು ಯಾರಮ್ಮ, ನೀವಾ ಅವರಿಬ್ಬರಾ?” ಎಂದು ಡ್ರೈವರ್ ಕೇಳಿದ್ದಕ್ಕೆ ಅವಳು ಕಿಟಕಿಯಾಚೆ ನೋಡಿದ್ದಳು.

ಕುದುರೆಗೆ ಬಟ್ಟೆ ಒಣಹಾಕುವ ಅಂಗಳ ಸಿಕ್ಕಿತು. ಅಲ್ಲಿ ಹಗ್ಗದಿಂದ ಹಗ್ಗಕ್ಕೆ ಬಿಳಿಯ ಹಾಸುಗಳು ತೂಗುತ್ತಿದ್ದವು, ಅವುಗಳ ಹಿಂದೆಲ್ಲೋ ಸಮುದ್ರ ಉಸಿರಾಡುತ್ತಿತ್ತು. ಹಾಸೊಂದು ಉಬ್ಬಿ ಕುದುರೆಯ ಮುಖಕ್ಕೆ ತಾಗುವುದು, ಇಳಿಯುವುದು, ಮತ್ತೆ ಉಬ್ಬುವುದು. ದೊರೆಸಾನಿ ಅದನ್ನೆಲ್ಲ ಲೆಕ್ಕಿಸದೆ ನಿಂತಳು, ಬಿಳಿಯ ಮನೆಯೊಂದನ್ನು ತನಗಾಗಿಯೇ ಕಟ್ಟಿಸಿದ್ದಾರೆ ಎನ್ನುವಂತೆ.

ಹಾಲಿನವನ ಹೆಂಡತಿಗೆ ಈ ರಜೆಯಿಂದ ಬೇಕಾಗಿದ್ದುದು ಒಂದೇ. ಸಮುದ್ರವಲ್ಲ. ಒಂದು ಬೆಳಿಗ್ಗೆ.

ಅವಳು ಕೋಟು ಹೊಲಿಯುವ ಅಂಗಡಿಯಲ್ಲಿ ಗುಂಡಿ ಹಚ್ಚುವವಳು. ಗಂಡ ಡೈರಿಯ ಗಾಡಿಗೆ ತನ್ನ ಕುದುರೆ ಕಟ್ಟಿ, ವ್ಯಾನು ನುಗ್ಗಲಾರದ ಹಳೆಯ ಓಣಿಗಳಿಗೆಲ್ಲ ಹಾಲು ಹಾಕುವವನು. ಊರು ಇನ್ನೂ ಕಣ್ಣು ಮುಚ್ಚಿರುವಾಗ ಅವನು ಎದ್ದು ಹೋಗುತ್ತಾನೆ. ಅವಳು ಎದ್ದಾಗ ಪಕ್ಕದ ಹಾಸಿಗೆ ತಣ್ಣಗಿರುತ್ತದೆ. ಅವನು ಮನೆಗೆ ಬರುವ ಹೊತ್ತಿಗೆ ಅವಳು ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಲ್ಲಿ ನಿಂತಿರುತ್ತಾಳೆ. ಬೀಗದ ಕೈ ಕೈಯಿಂದ ಕೈಗೆ ಹೋಗುತ್ತದೆ, ಅಷ್ಟೇ. ಸಂಜೆ ಅವಳು ಬಂದು ಎರಡು ಮಾತಾಡುವಷ್ಟರಲ್ಲಿ ಅವನು ತಟ್ಟೆಯ ಮುಂದೆಯೇ ತೂಕಡಿಸುತ್ತಾನೆ. ಮದುವೆಯಾದಾಗಿನಿಂದ ಇದೇ. ಒಂದೇ ಕೋಣೆಯನ್ನು ಪಾಳಿಯ ಮೇಲೆ ಹಿಡಿದ ಇಬ್ಬರು ಬಾಡಿಗೆಯವರ ಹಾಗೆ ಅವರು ಸಂಸಾರ ಮಾಡಿದ್ದರು. ಮಗಳೊಬ್ಬಳು ಹುಟ್ಟಿ, ಬೆಳೆದು, ಗಂಡನ ಮನೆಗೂ ಹೋಗಿದ್ದಳು.

ಡೈರಿಯ ಬಾಯ್ಲರ್ ಬದಲಾಯಿಸಲು ಒಂದು ವಾರ ಎಲ್ಲರಿಗೂ ರಜೆ ಎಂದಾಗ ಅವಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ಸಮುದ್ರದ ಊರಿಗೆ ಹೋಗೋಣ ಅಂದಳು. ಅವನು ತಲೆ ಕೆರೆದುಕೊಂಡ.

“ದೊರೆಸಾನಿ?”

“ಯಾರ ಹತ್ರಾನಾದ್ರೂ ಬಿಡ್ರೀ.”

“ಬೇರೆಯವರ ಕೈಲಿ ನೀರೂ ಮುಟ್ಟಲ್ಲ ಅವಳು.”

“ಸವತೀನ ಕಟ್ಕೊಂಡು ಯಾರಾದ್ರೂ ಊರು ನೋಡೋಕೆ ಹೋಗ್ತಾರಾ?”

ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಅವಳೇ ಸೋತಳು. ಆದರೆ ಕೈಯಲ್ಲಿದ್ದ ಸೂಜಿಯನ್ನು ಅವನ ಕಡೆ ತೋರಿಸುತ್ತ ಒಂದು ಷರತ್ತು ಹಾಕಿದಳು. “ಅಲ್ಲಿ ಒಂದು ದಿನ, ಒಂದೇ ಒಂದು ದಿನ, ನಾನು ಕಣ್ಣು ಬಿಟ್ಟಾಗ ನೀವು ಪಕ್ಕದಲ್ಲಿರಬೇಕು. ಆಮೇಲೆ ಬೇಕಾದ್ರೆ ಅವಳ ಬಾಲ ಹಿಡ್ಕೊಂಡು ಎಲ್ಲಿಗಾದ್ರೂ ಹೋಗಿ.”

ಅವನು ಮಾತು ಕೊಟ್ಟ. ಕೊಡುವಾಗ ಮನಸ್ಸಿಟ್ಟೇ ಕೊಟ್ಟ. ಆದರೆ ಕುದುರೆಯನ್ನು ಯಾರೂ ಕೇಳಿರಲಿಲ್ಲ.

ಮೊದಲನೆಯ ದಿನ ಅವಳು ಕಣ್ಣು ಬಿಡುವ ಮುಂಚೆಯೇ ಕೈ ಪಕ್ಕಕ್ಕೆ ಹೋಯಿತು. ತಣ್ಣಗಿತ್ತು. ಕಿಟಕಿಯಿಂದ ನೋಡಿದರೆ ಅಂಗಳದಲ್ಲಿ ಬಿಳಿಯ ಹಾಸುಗಳ ಅಂಚಿನ ಕೆಳಗೆ ನಾಲ್ಕು ಗೊರಸು, ಎರಡು ಬರಿಗಾಲು. ಎಂದಿನ ಹೊತ್ತಿಗೆ ದೊರೆಸಾನಿ ಎಚ್ಚೆತ್ತು ಮುಂಗಾಲಿನಿಂದ ಕಲ್ಲುಹಾಸನ್ನು ಕುಟ್ಟಲು ಶುರುಮಾಡಿದ್ದಳು. ಅವನು ಎದ್ದು ಹೋಗಿ ಕುತ್ತಿಗೆ ಸವರುತ್ತ ನಿಂತಿದ್ದ, ಬೆಳಕಾಗುವ ತನಕ.

“ಅದರ ಹೊಟ್ಟೆಯೊಳಗೆ ಅಲಾರಂ ಏನಾದ್ರೂ ಇಟ್ಟಿದ್ದೀರಾ?” ಎಂದು ಯಜಮಾನಿ ಟೀ ತಂದಿಡುತ್ತ ಕೇಳಿದಳು.

ದಿನವೂ ಅದೇ ನಡೆಯಿತು. ಹಗಲೆಲ್ಲ ಮೂವರೂ ಮರಳಿನ ಮೇಲೆ ಅಲೆದರು. ಸೀಸನ್ ಮುಗಿದ ಊರು. ಐಸ್‌ಕ್ರೀಮಿನ ಅಂಗಡಿಗಳು ಷಟರ್ ಎಳೆದುಕೊಂಡಿದ್ದವು, ಮಡಚಿದ ಕೊಡೆಗಳು ಸಾಲಾಗಿ ನಿಂತು ಯಾರದೋ ಅಪ್ಪಣೆಗೆ ಕಾಯುತ್ತಿದ್ದವು. ಅವನು ನಡೆಯುತ್ತ ನಡೆಯುತ್ತಲೇ ಆಕಳಿಸುತ್ತಿದ್ದ. ಅವಳಿಗೆ ಸಿಟ್ಟು ಬಂದರೂ ಅದು ಗಾಳಿಯಲ್ಲಿನ ಉಪ್ಪಿನ ಹಾಗೆ ಎಲ್ಲಿಯೂ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ.

“ನಾನು ಕರೆದ್ರೆ ಕೇಳ್ಸಲ್ಲ, ಅವಳು ಕುಟ್ಟಿದ್ರೆ ಕೇಳ್ಸುತ್ತೆ.”

“ನೀನು ಕುಟ್ಟಲ್ವಲ್ಲ.”

“ನಾಳೆಯಿಂದ ಕುಟ್ತೀನಿ. ನಿಮ್ಮ ತಲೆ ಮೇಲೆ.”

ನಾಳೆ ಎನ್ನುವುದು ಕೊನೆಯ ದಿನವಾಗಿತ್ತು. ಮಧ್ಯಾಹ್ನ ಲಾರಿ ಬರುವುದಿತ್ತು.

ಆ ದಿನ ಅವಳೇ ಮೊದಲು ಎದ್ದಳು. ಲೆಕ್ಕಾಚಾರ ಸರಳವಾಗಿತ್ತು: ಕುದುರೆ ಕುಟ್ಟುವ ಮೊದಲೇ ಹೋಗಿ ಅದರ ಬಾಯಿಗೆ ಒಂದಿಷ್ಟು ಹುಲ್ಲು ಹಿಡಿಯುವುದು, ಸಮಾಧಾನ ಮಾಡುವುದು, ಬೆಕ್ಕಿನ ಹಾಗೆ ವಾಪಸ್ ಬಂದು ಹಾಸಿಗೆಗೆ ಸೇರುವುದು, ಕಣ್ಣು ಮುಚ್ಚುವುದು, ಆಮೇಲೆ ಬಿಡುವುದು. ಗಂಡ ಬಾಯಿ ತೆರೆದು ಮಲಗಿದ್ದ. ಆ ಮುಖವನ್ನು ನೋಡುತ್ತ ಕೂರಬೇಕೆನಿಸಿತು. ಆದರೆ ಹೊತ್ತಿರಲಿಲ್ಲ. ಅವಳು ಶಾಲು ಹೊದ್ದು ಅಂಗಳಕ್ಕೆ ಇಳಿದಳು.

ಆಕಾಶಕ್ಕೆ ಹಾಲಿನ ಬಣ್ಣ ಆಗ ತಾನೇ ಹತ್ತುತ್ತಿತ್ತು. ದೊರೆಸಾನಿ ಹುಲ್ಲನ್ನು ಮೂಸಿ ನೋಡಿ ಬಿಟ್ಟಳು. ಹಾಲಿನವನ ಹೆಂಡತಿ ಗೂಟದಿಂದ ಹಗ್ಗ ಬಿಚ್ಚಿ, ಅಂಗಳದಲ್ಲೇ ಒಂದು ಸುತ್ತು ಹಾಕಿಸೋಣ ಎಂದು ತಿರುಗಿದ್ದೇ ತಡ, ಕುದುರೆ ಮೂಗಿನಿಂದ ಗೇಟು ನೂಕಿ ಬೀದಿಗಿಳಿಯಿತು. ಹಗ್ಗ ಹಿಡಿದವಳು ಅವಳು. ಕರೆದುಕೊಂಡು ಹೋದದ್ದು ಕುದುರೆ.

ಸ್ವಲ್ಪ ದೂರ ಹೋಗಿ ದೊರೆಸಾನಿ ನಿಂತಳು. ಅಲ್ಲಿ ಏನೂ ಇರಲಿಲ್ಲ, ಎರಡು ಮನೆಗಳ ನಡುವಿನ ಬೋಳು ಗೋಡೆ. ಹಾಲಿನವನ ಹೆಂಡತಿ ಹಗ್ಗ ಜಗ್ಗಿದಳು. ಬಂಡೆ ಜಗ್ಗಿದಂತಾಯಿತು. ಬಾಟಲಿಯೊಂದನ್ನು ಎತ್ತಿ, ಮೆಟ್ಟಿಲ ಮೇಲಿಟ್ಟು, ಖಾಲಿಯದನ್ನು ತರುವಷ್ಟು ಹೊತ್ತು ಸುಮ್ಮನೆ ನಿಂತಿದ್ದು, ಆಮೇಲೆ ಯಾರೂ ಹೇಳದೆಯೇ ಕುದುರೆ ಹೊರಟಿತು. ಮತ್ತೆ ದೀಪದ ಕಂಬದ ಬಳಿ ನಿಂತಿತು. ಮತ್ತೆ ಹೊರಟಿತು. ಷಟರ್ ಎಳೆದ ಐಸ್‌ಕ್ರೀಮಿನ ಅಂಗಡಿಯ ಮುಂದೆ ಬಹಳ ಗೌರವದಿಂದ ನಿಂತಿತು.

ಆಗ ಅವಳಿಗೆ ಹೊಳೆಯಿತು. ದೊರೆಸಾನಿ ರಜೆಗೆ ಬಂದೇ ಇರಲಿಲ್ಲ. ಹಾಸಿನ ಮೇಲೆ ಹಾಸು ಎಳೆದ ಹಾಗೆ ಈ ಊರಿನ ಮೇಲೆ ತನ್ನೂರನ್ನು ಎಳೆದುಕೊಂಡು, ಆ ಊರಿನ ಬಾಗಿಲುಗಳಿಗೆ ಹಾಲು ಹಾಕುತ್ತಿದ್ದಳು.

ಒಂದು ಕಡೆ ಮಾತ್ರ ಅವಳು ನಿಂತಲ್ಲಿ ನಿಜವಾದ ಬಾಗಿಲೇ ಇತ್ತು. ಅದು ತೆರೆಯಿತು. ಬನಿಯನ್ನಿನಲ್ಲಿದ್ದ ಗಂಡಸೊಬ್ಬ ಹಲ್ಲುಜ್ಜುತ್ತಲೇ ನೋಡಿದ.

“ಏನಮ್ಮಾ?”

“ಏನಿಲ್ಲ. ಇವಳು ನಿಂತ್ಲು.”

“ಯಾಕೆ?”

“ಅಭ್ಯಾಸ. ಈಗ ಹೊರಡ್ತಾಳೆ ಬಿಡಿ.”

ಆತ ಬ್ರಷ್ಷನ್ನು ಬಾಯಿಂದ ತೆಗೆದು, ಕುದುರೆಯನ್ನೂ ಅವಳನ್ನೂ ನೋಡಿ, “ಹೋಗ್ಬನ್ನಿ ಹಂಗಾದ್ರೆ” ಎಂದು ಬಾಗಿಲು ಹಾಕಿಕೊಂಡ. ಅವಳಿಗೆ ತಡೆಯಲಾರದ ನಗು. ಗಂಡನ ಬೆಳಗುಗಳೆಲ್ಲ ಹೀಗಿರುತ್ತಿದ್ದವೇ? ಇಷ್ಟು ಬೂದು, ಇಷ್ಟು ಹಗುರ, ಪರರ ಹೊಸ್ತಿಲುಗಳಲ್ಲಿ ನಿದ್ದೆಯ ವಾಸನೆ?

ಮುಂದೆ ಕುದುರೆ ಥಟ್ಟನೆ ಬಲಕ್ಕೆ ಹೊರಳಿತು. ಕಿರಿದಾದ ಸಂದು. ಸಂದು ದಾಟಿ ಎಡಕ್ಕೆ ಸಣ್ಣ ಇಳಿಜಾರು, ಅಲ್ಲಿಗೆ ಊರು ಮುಗಿದು ಮರಳು. ಮರಳಿನ ಮೇಲೆ ಮಗುಚಿ ಹಾಕಿದ ಹಳೆಯ ದೋಣಿಯೊಂದರ ಪಕ್ಕದಲ್ಲಿ ದೊರೆಸಾನಿ ನಿಂತಳು.

ಬಾಟಲಿ ಇಡುವಷ್ಟು ಹೊತ್ತು ಕಳೆಯಿತು. ಎರಡು ಬಾಟಲಿ ಇಡುವಷ್ಟು. ಒಂದು ಡಜನ್ ಇಡುವಷ್ಟು. ದೊರೆಸಾನಿ ಒಂದು ಹಿಂಗಾಲನ್ನು ಸಡಿಲ ಬಿಟ್ಟು, ರೆಪ್ಪೆ ಇಳಿಸಿ ತೂಕಡಿಸತೊಡಗಿದಳು. ಇಲ್ಲಿ ಬೇಗ ಹೊರಡುವುದಿಲ್ಲ ಎಂದು ಚೆನ್ನಾಗಿ ಬಲ್ಲವಳ ನಿಲುವು ಅದು.

ಹಾಲಿನವನ ಹೆಂಡತಿಯ ನಗು ಇಳಿಯಿತು. ಇಷ್ಟು ಹೊತ್ತು ನಿಲ್ಲುವಂಥದ್ದು ಯಾರ ಮನೆ? ಇಷ್ಟು ಹೊತ್ತು ಒಳಗೆ ಕೂರಿಸಿಕೊಳ್ಳುವವರು ಯಾರು? ತನಗೆ ಬೀಗದ ಕೈ ಕೊಡುವಾಗ ನಿಲ್ಲದ ಮನುಷ್ಯ ಯಾರ ಬಾಗಿಲಲ್ಲಿ, ದಿನವೂ, ಕುದುರೆಗೆ ನಿದ್ದೆ ಹತ್ತುವವರೆಗೆ ನಿಲ್ಲುತ್ತಾನೆ?

ಸಂದಿನಿಂದ ಓಡುವ ಸದ್ದು ಬಂತು. ಅವನೇ. ಅಂಗಿಯ ಗುಂಡಿ ತಪ್ಪು ತಪ್ಪಾಗಿ ಹಾಕಿಕೊಂಡು, ಬರಿಗಾಲಿನಲ್ಲಿ.

“ಕಣ್ಣು ಬಿಟ್ಟೆ, ನೀನಿಲ್ಲ” ಅಂದ ಏದುಸಿರು ಬಿಡುತ್ತ. “ಪಕ್ಕದಲ್ಲಿ ಕೈಯಿಟ್ರೆ ತಣ್ಣಗೆ. ಒಂಥರಾ ಆಯ್ತು.”

“ಹೆಂಗಾಯ್ತು?”

“ಒಂಥರಾ.”

“ನಂಗೆ ದಿನಾ ಒಂಥರಾನೇ.” ಅವಳು ಕುದುರೆಯ ಕಡೆ ಗಲ್ಲ ತೋರಿದಳು. “ಇಲ್ಲಿ ಯಾಕೆ ನಿಂತ್ಲು ಇವಳು?”

ಅವನು ದೋಣಿ ನೋಡಿದ. ಬಂದ ಸಂದನ್ನು ತಿರುಗಿ ನೋಡಿದ. ಕಿವಿಯ ತುದಿ ಕೆಂಪಾಯಿತು.

“ಕಾಲು ನೋವೇನೋ.”

“ಕುದುರೆ ಕಂಡ್ರೆ ಮನುಷ್ಯರಿಗೆ ಕಾಲು ನೋವು ಬರೋದು ಕೇಳಿದ್ದೀನಿ. ಕುದುರೆಗೇ ಬಂತಾ? ಬಾಯಿ ಬಿಡ್ತೀರೋ ಇಲ್ವೋ? ಯಾರ ಮನೆ ಇದು?”

ಅವನು ದೊರೆಸಾನಿಯ ಜುಟ್ಟಿನಿಂದ ಇಲ್ಲದ ಹುಲ್ಲುಕಡ್ಡಿ ತೆಗೆಯುತ್ತ ಇದ್ದ.

“ನಮ್ಮನೆ” ಅಂದ ಕೊನೆಗೆ.

“ಏನು?”

“ನಮ್ಮನೆ ಕಣೇ. ಸಂದು ದಾಟಿ ಎಡಕ್ಕೆ. ಕಿಟಕಿ ಕೆಳಗೆ.”

ಅವಳು ತಿರುಗಿದಳು. ಥಟ್ಟನೆ ಬಲಕ್ಕೆ, ಕಿರಿದಾದ ಸಂದು, ಎಡಕ್ಕೆ ಇಳಿಜಾರು. ಕೋಟಿನ ಅಂಗಡಿಯಿಂದ ದಿನಾ ಸಂಜೆ ಅವಳ ಕಾಲುಗಳು ತಾವಾಗಿ ನಡೆಯುವ ದಾರಿ. ದೋಣಿಯ ಮೇಲೆ, ಏನೂ ಇಲ್ಲದ ಗಾಳಿಯಲ್ಲಿ, ಅವಳ ಕಿಟಕಿ ಇರಬೇಕಾದ ಜಾಗವಿತ್ತು.

“ನಮ್ಮ ಬೀದಿ ನಿಮ್ಮ ಪಾಲಿಗೆ ಬರೋದೇ ಇಲ್ವಲ್ಲ! ಅಲ್ಲಿ ಹಾಕೋನು ಬೇರೆಯವನು.”

“ಸುತ್ತು ಹಾಕ್ಕೊಂಡು ಬರ್ತೀನಿ. ಸದ್ದಾಗಬಾರದು ಅಂತ ಇವಳ ಗೆಜ್ಜೆಗೆ ಬಟ್ಟೆ ಕಟ್ಟಿರ್ತೀನಿ. ಆ ಕಡೆ ಬೀದಿಯವರು ಹಾಲು ತಡ ಆಯ್ತು ಅಂತ ದಿನಾ ಬೈತಾರೆ.”

“ಬಂದು?”

“ಕಿಟಕಿ ನೋಡ್ತೀನಿ.”

“ಕಿಟಕೀಲಿ ಏನಿದೆ?”

“ಏನೂ ಇಲ್ಲ. ಗೊರಕೆ ಕೇಳ್ಸುತ್ತೆ.”

“ನಾನು ಗೊರಕೆ ಹೊಡೆಯಲ್ಲ!”

“ಇವಳನ್ನೇ ಕೇಳು” ಅಂದ ಹಾಲಿನವನು, ಕುದುರೆಯನ್ನು ತೋರಿಸಿ.

ಅವಳು ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನಗುವೋ ಮತ್ತೊಂದೋ, ಅದು ಯಾವುದೆಂದು ಅವಳಿಗೇ ತಿಳಿಯಲಿಲ್ಲ. ಎಷ್ಟು ಬೆಳಗುಗಳು. ಅವಳು ತಣ್ಣನೆಯ ಹಾಸಿಗೆಯಲ್ಲಿ ಕಣ್ಣು ಬಿಡುವ ತುಸು ಮೊದಲು, ಗೋಡೆಯಾಚೆ ಇಬ್ಬರು ನಿಂತು ಹೋಗಿದ್ದರು.

“ಮೆಟ್ಟಿಲು ಹತ್ತಿ ಒಳಗೆ ಬರೋಕೆ ಏನಾಗಿತ್ತು ನಿಮಗೆ?”

“ಬಂದ್ರೆ ಮತ್ತೆ ಹೊರಗೆ ಹೋಗ್ತಿರಲಿಲ್ಲ” ಅಂದ ಅವನು, ಹಾಲಿನ ಅಳತೆ ಹೇಳುವಷ್ಟೇ ಸಾದಾ ದನಿಯಲ್ಲಿ. “ಅರ್ಧ ಊರಿನ ಹಾಲು ಒಡೆದುಹೋಗ್ತಿತ್ತು.”

ಅವಳು ದೋಣಿಯ ಮಗ್ಗುಲಿಗೆ, ಗಾಳಿ ತಾಗದ ಕಡೆ ಕೂತು ಪಕ್ಕದ ಮರಳನ್ನು ತಟ್ಟಿದಳು. “ಇವತ್ತು ಹಾಲಿಲ್ಲ. ಒಳಗೆ ಬನ್ನಿ.”

ಅವನು ಹಿಂದೆ ಮುಂದೆ ನೋಡಿದ. ನಿಜವಾಗಿ ತಲೆಬಾಗಿಲೊಂದು ಇದ್ದು ತಗ್ಗಿ ನುಗ್ಗಬೇಕೆನ್ನುವ ಹಾಗೆ ಬಗ್ಗಿ ಬಂದು ಕೂತ. ಅವರ ಭುಜಗಳು ತಾಗಿದವು. ಆಗಲೇ ದೊರೆಸಾನಿ ಕಣ್ಣು ತೆರೆದು, ಮೈ ಒದರಿ, ಹಗ್ಗ ಎಳೆದುಕೊಂಡು ಹೊರಟಳು. ಅವನು ಅರ್ಧ ಎದ್ದ.

“ರೀ.”

ಅವನು ಹಾಗೇ ಒಂದು ಗಳಿಗೆ ಇದ್ದು, ಮತ್ತೆ ಕೂತ. “ಹೋಗ್ಲಿ. ಸುತ್ತು ಮುಗಿದ ಮೇಲೆ ತಾನೇ ಬಂದ ದಾರಿ ಹಿಡೀತಾಳೆ.”

ಕುದುರೆ ಒದ್ದೆ ಮರಳಿನ ಮೇಲೆ ನಡೆದು, ನೀರು ಬಂದು ಹಿಂದಿರುಗುವ ಅಂಚಿನಲ್ಲಿ ನಿಂತಿತು.

“ಅದು ಯಾರ ಮನೆ?” ಅವಳು ಕೇಳಿದಳು.

“ನರ್ಸಮ್ಮಂದು. ಆಗ ತಾನೇ ಪಾಳಿ ಮುಗ್ಸಿ ಬಂದಿರ್ತಾಳೆ. ಒಂದು ಚಪ್ಪಲಿ ಬಾಗಿಲ ಒಳಗೆ, ಒಂದು ಆಚೆ.”

ಕುದುರೆ ಮುಂದೆ ಹೋಗಿ ನೊರೆಯ ಎದುರು ನಿಂತಿತು.

“ಈಗ?”

“ಅಣ್ಣ ತಮ್ಮಂದಿರ ಜೋಡಿ ಮನೆ. ಮಾತಿಲ್ಲ ಕತೆಯಿಲ್ಲ. ಬೇರೆ ಬೇರೆ ಬಾಟಲಿ. ಒಬ್ಬನ ಬಾಟಲೀಲಿ ಒಂದು ಹನಿ ಜಾಸ್ತಿ ಇದ್ರೂ ಇನ್ನೊಬ್ಬ ಕಿಟಕಿಯಿಂದ ನೋಡ್ತಿರ್ತಾನೆ.” ಅವನ ತಲೆ ಮೆಲ್ಲಗೆ ಅವಳ ಭುಜಕ್ಕೆ ಇಳಿಯಿತು. ಕಣ್ಣು ಮುಚ್ಚಿತ್ತು. ನೋಡದೆಯೇ ಹೇಳಬಲ್ಲವನಿಗೆ ಕಣ್ಣು ಯಾಕೆ ಬೇಕು. “ಅಲ್ಲಿ ಸ್ವಲ್ಪ ಹೊತ್ತು ನಿಲ್ತಾಳೆ. ಆಮೇಲೆ ಪಿಟೀಲು ಮೇಷ್ಟ್ರ ಮನೆ… ಅಲ್ಲಿಂದ ಮುಂದೆ ಏರು… ಹೊರಟ್ಳಾ?”

ದೊರೆಸಾನಿ ಹೊರಟು ಎಷ್ಟೋ ಹೊತ್ತಾಗಿತ್ತು. ದೂರದಲ್ಲಿ, ಬೆಳ್ಳಗೆ ಹೊಳೆಯುವ ನೀರಿನ ಬದಿಯಲ್ಲಿ, ಬೂದು ಬಣ್ಣದ ಒಂದು ಚುಕ್ಕೆಯಾಗಿದ್ದಳು.

“ಇಲ್ಲ” ಅಂದಳು ಹಾಲಿನವನ ಹೆಂಡತಿ, ಶಾಲನ್ನು ಅವನಿಗೂ ಸೇರಿಸಿ ಹೊದಿಸುತ್ತ. “ಇನ್ನೂ ನಿಂತಿದ್ದಾಳೆ.”